ಹೊಟ್ಟಿನ ಗುಡ್ಡೆಯ ಉಣ್ಣಿಗಳು

...ಅಥವಾ ರಕ್ತ ಬಂದದ್ದು ಬಲ ಹೊಳ್ಳೆಯಿಂದಲೇ ಇರಬಹುದು. ನನ್ನ ನೆನಪಿನಲ್ಲಿ ಎಡದ್ದು. ನಾಯಿ ತಲೆ ಕೊಡವಿದಾಗ ನನ್ನ ಅಂಗಿಯ ತೋಳಿನ ಮೇಲೆ ಬಿದ್ದ ಹನಿಗಳೂ ಎಡಗಡೆಯಿಂದ ಹಾರಿ ಬಂದವು. ಆದರೆ ಮಾನ್ವಿಯ ಪಶು ಆಸ್ಪತ್ರೆಯ ಕೇಸ್ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ 'ಬಲ ಮೂಗು' ಎಂದಿದೆ. ಚೀಟಿಯನ್ನು ನಂಬಬೇಕು. ಆದರೆ ಆ ಚೀಟಿಯನ್ನು ನಾಯಿಯನ್ನು ವಾಪಸು ಒಯ್ದ ಮೇಲೆ, ನಡುವೆ ಮೂರು ಎಮ್ಮೆ ನೋಡಿ, ಆಮೇಲೆ ಬರೆದೆ ಎಂದೂ ನೆನಪಿದೆ. ಆ ನೆನಪನ್ನು ನಂಬಿದರೆ ಚೀಟಿಯನ್ನು ನಂಬುವಂತಿಲ್ಲ.

ಯಾವ ಹೊಳ್ಳೆ ಎಂಬುದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಆದರೂ ಇಲ್ಲಿಂದಲೇ ಶುರು ಮಾಡುತ್ತಿದ್ದೇನೆ, ಯಾಕೆಂದರೆ ಈ ಮೂರು ತಿಂಗಳ ಕಥೆಯನ್ನು ಈಗಾಗಲೇ ಎರಡು ಮೂರು ಸಲ ಬೇರೆಯವರಿಗೆ ಹೇಳಿದ್ದೇನೆ, ಹೇಳಿದ ಪ್ರತಿ ಸಲ ಅದು ಇನ್ನಷ್ಟು ನಯವಾಗಿದೆ, ನಾನು ಇನ್ನಷ್ಟು ಜಾಣನಾಗಿದ್ದೇನೆ. ಈ ಸಲ ಹಾಗಾಗಬಾರದು.

ಆಗ ನಾನು ರಾಯಚೂರಿನಲ್ಲಿ ಮನೆ ಮಾಡಿಕೊಂಡು ವಾರದಲ್ಲಿ ನಾಲ್ಕು ದಿನ ಮಾನ್ವಿಗೆ, ಎರಡು ದಿನ ಪ್ರಭಾರವೆಂದು ದೇವದುರ್ಗಕ್ಕೆ ಓಡಾಡುತ್ತಿದ್ದೆ. ಎರಡೂ ಕಡೆ ದನ, ಎಮ್ಮೆ, ಕುರಿಗಳದ್ದೇ ಕೆಲಸ. ನಾಯಿ ಅಂದರೆ ಹುಚ್ಚುನಾಯಿ ಲಸಿಕೆ, ಅಷ್ಟೇ. ಗಣೇಶನ ಹಬ್ಬ ಮುಗಿದ ವಾರ ಪೋತ್ನಾಳದ ಅಕ್ಕಿ ಗಿರಣಿಯ ಮಾಲೀಕರು ಗೂಡ್ಸ್ ಗಾಡಿಯಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಮಲಗಿಸಿಕೊಂಡು ಆ ನಾಯಿಯನ್ನು ತಂದರು. ಜೊತೆಗೆ ಅವರ ತಾಯಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಎಲ್ಲರೂ ಅವರನ್ನು ಅವ್ವ ಅನ್ನುತ್ತಿದ್ದರು, ನಾನೂ ಅಂದೆ. ನಾಯಿ ಮರಿಯಾಗಿದ್ದಾಗ ಒಂದು ಸೋಮವಾರ ಗಿರಣಿಯ ಗೇಟಿನ ಒಳಗೆ ತಾನಾಗಿ ಬಂದಿತ್ತಂತೆ. ಅದಕ್ಕೆ ಸೋಮ್ಯಾ ಎಂದು ಹೆಸರಿಟ್ಟವರು, ಸಾಕಿದವರು ಅವ್ವನೇ.

ಜ್ವರ ನೂರಾ ನಾಲ್ಕು ದಾಟಿತ್ತು. ಒಸಡು ತೊಳೆದ ಬಟ್ಟೆಯ ಹಾಗೆ ಬಿಳಿಚಿತ್ತು. ಹೊಟ್ಟೆಯ ಚರ್ಮದಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆ. ಕಿವಿ ಮಡಿಚಿ ನೋಡಿದರೆ ಒಳಗೆಲ್ಲ ಉಣ್ಣಿ: ಕೆಲವು ಚಪ್ಪಟೆಯಾಗಿ ಅಂಟಿಕೊಂಡವು, ಕೆಲವು ರಕ್ತ ಕುಡಿದು ಬೂದು ಬಣ್ಣಕ್ಕೆ ತಿರುಗಿ ಹರಳು ಬೀಜದಷ್ಟು ಊದಿದವು. ಇಂಥ ನಾಯಿಗೆ ಮೂಗಿನಿಂದ ರಕ್ತ ಬಂದರೆ ಉಣ್ಣಿ ಜ್ವರ ಎಂದು ಮೊದಲು ತಿಳಿಯಬೇಕು. ಕಿವಿಯ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಿಳಿ ರಕ್ತಕಣದ ಒಳಗೆ ಆ ಜ್ವರದ ಅಣುಜೀವಿಗಳ ಗೊಂಚಲು ಕಾಣಬೇಕಿತ್ತು. ಕಾಣಲಿಲ್ಲ. ಕಾಣದಿದ್ದರೆ ಇಲ್ಲ ಎಂದೇನೂ ಅಲ್ಲ. ಆದರೆ ಪ್ಲೇಟ್‌ಲೆಟ್ಟುಗಳನ್ನು ಹುಡುಕಿ ಹುಡುಕಿ ಎಣಿಸಬೇಕಾಗಿತ್ತು, ರಕ್ತ ಹೆಪ್ಪುಗಟ್ಟಿಸುವ ಆ ಕಣಗಳು ಅಷ್ಟು ಕಡಿಮೆ ಇದ್ದವು. ಬಸ್ ನಿಲ್ದಾಣದ ಹತ್ತಿರ ಮನುಷ್ಯರ ರಕ್ತ ಪರೀಕ್ಷೆ ಮಾಡುವ ಲ್ಯಾಬಿನವನನ್ನು ಕಾಡಿ ಬೇಡಿ ಅದೇ ರಕ್ತ ಕೊಟ್ಟೆ. ಅವನ ಯಂತ್ರವೂ ಪ್ಲೇಟ್‌ಲೆಟ್ ತೀರಾ ಕಡಿಮೆ ಎಂದೇ ಹೇಳಿತು. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರ ನಾಯಿಯ ರಕ್ತವನ್ನು ಎಷ್ಟು ಸರಿಯಾಗಿ ಎಣಿಸುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ.

ಡಾಕ್ಸಿಸೈಕ್ಲಿನ್ ಮಾತ್ರೆ, ಇಪ್ಪತ್ತೆಂಟು ದಿನ, ಒಂದು ದಿನವೂ ತಪ್ಪಬಾರದು. ಮೈಗೆ ಉಣ್ಣಿಯ ಔಷಧಿ. ಉಳಿದವನ್ನು ದಿನಾ ಬೆಳಿಗ್ಗೆ ಕೈಯಿಂದ ಆರಿಸಬೇಕು. ಚಿಮಟಿಗೆಯನ್ನು ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ ನೇರ ಎಳೆಯಬೇಕು, ಹಿಸುಕಿದರೆ ಬಾಯಿ ಒಳಗೇ ಉಳಿಯುತ್ತದೆ. ಅವ್ವನಿಗೆ ಒಂದೆರಡು ತೆಗೆದು ತೋರಿಸಿದೆ. ಅವರು ಚಿಮಟಿಗೆ ಬೇಡವೆಂದು, ಉಗುರಿನಲ್ಲೇ ನನಗಿಂತ ಚೆನ್ನಾಗಿ ತೆಗೆದರು.

ಹೊರಡುವಾಗ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು.

"ದೀಪಾವಳಿ ತನಾ ನೋಡ್ತೀನ್ರಿ ಡಾಕ್ಟ್ರ. ಮೊಮ್ಮಗಳು ಈಗ ಅಂಬಿಗಾಲ ಇಡಾಕತ್ತಾಳ. ಮೊನ್ನೆ ಆಕಿ ಕೊಳ್ಳಾಗ ಒಂದು ಉಣ್ಣಿ ಸಿಕ್ತು. ಸೊಸಿ ತವರ ಮನಿಗಿ ಹೋಗ್ತೀನಂತ ಕುಂತಾಳ. ಅಷ್ಟರಾಗ ಉಣ್ಣಿ ಹೋಗಲಿಲ್ಲಂದ್ರ ಈ ನಾಯಿನ್ನ ಲಾರಿ ಹತ್ತಿಸಿ ಎಲ್ಲರ ದೂರ ಬಿಡಸ್ತೀನಿ. ಅವ್ವಗ ಹೇಳಬ್ಯಾಡ್ರಿ."

ಆ ಸ್ಥಿತಿಯಲ್ಲಿ ಬಿಟ್ಟುಬಂದರೆ ನಾಯಿ ಒಂದು ವಾರವೂ ಉಳಿಯುವುದಿಲ್ಲ ಎಂದೆ. ಅದು ತನಗೂ ಗೊತ್ತು ಎಂದರು. ಕೆಟ್ಟ ಮನುಷ್ಯರಲ್ಲ. ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಒಂಬತ್ತನೇ ದಿನಕ್ಕೆ ನಾಯಿ ರೊಟ್ಟಿ ಮುಟ್ಟುತ್ತಿಲ್ಲವೆಂದು ಫೋನು ಬಂತು. ಮಾನ್ವಿಯ ಕೆಲಸ ಮುಗಿಸಿ ಪೋತ್ನಾಳಕ್ಕೆ ಹೋದೆ. ಭತ್ತದ ಚೀಲ ತೂಗುವ ಕಾಟಾದ ಮೇಲೆ ಇಬ್ಬರು ಹಮಾಲರು ನಾಯಿಯನ್ನು ಎತ್ತಿ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ನಾನು ಇಪ್ಪತ್ತೈದು ಕಿಲೋ ಎಂದು ಅಂದಾಜು ಮಾಡಿದ್ದೆ, ಕಾಟಾ ಹತ್ತೊಂಬತ್ತು ಎಂದಿತು. ಮಾತ್ರೆ ಹೇಗೆ ಕೊಡುತ್ತೀರಿ ಎಂದು ಕೇಳಿದರೆ ಹಾಲಿನಲ್ಲಿ ರೊಟ್ಟಿ ಮುರಿದು ಅದರಲ್ಲಿ ಎಂದರು ಅವ್ವ. ಹಾಲಿನ ಜೊತೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾರಣ ಸಿಕ್ಕಿತು ಎಂದು ನನಗೆ ಖುಷಿಯೇ ಆಯಿತು. ಸಿಕ್ಕ ಮೊದಲ ಕಾರಣವನ್ನೇ ಪೂರ್ತಿ ಕಾರಣವೆಂದು ಹಿಡಿದುಕೊಳ್ಳುವುದು ನನ್ನ ಅಭ್ಯಾಸ. ಹಾಲು ನಿಲ್ಲಿಸಿದೆ, ಡೋಸು ತಿದ್ದಿದೆ. ನಾಯಿ ಮೂರು ದಿನಕ್ಕೆ ತಿನ್ನತೊಡಗಿತು.

ಆದರೆ ಉಣ್ಣಿ ಕಡಿಮೆಯಾಗಲಿಲ್ಲ. ಅವ್ವ ದಿನಾ ಮೂವತ್ತು ನಲವತ್ತು ಆರಿಸುತ್ತಿದ್ದರು, ಮರುದಿನ ಮತ್ತೆ ಅಷ್ಟೇ. ನಾಯಿಯ ಮೈಮೇಲೆ ಕಾಣುವುದು ಉಣ್ಣಿಗಳ ಒಂದು ಪಾಲು ಮಾತ್ರ. ಉಳಿದವು ಗೋಡೆಯ ಬಿರುಕಿನಲ್ಲಿ, ಹಾಸುಗಲ್ಲಿನ ಸಂದಿಯಲ್ಲಿ, ಕಸದಲ್ಲಿ ಇರುತ್ತವೆ. ಹೊಲಕ್ಕೆ ಹೊಡೆಯುವ ಪಂಪನ್ನು ಸೋಡಾ ಹಾಕಿ ಮೂರು ಸಲ ತೊಳೆಸಿ, ಅದರಲ್ಲಿ ಉಣ್ಣಿ ಔಷಧಿ ಕಲಸಿ, ಕಟ್ಟೆ, ಕಾಂಪೌಂಡು, ಗೋದಾಮಿನ ಬುಡಕ್ಕೆಲ್ಲ ಹೊಡೆಸಿದೆ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ನಾಯಿಯ ಕಿವಿಯ ಅಂಚಿನಲ್ಲಿ ಎಳ್ಳಿಗಿಂತ ಸಣ್ಣ ಮರಿಗಳು ಸಾಲುಗಟ್ಟಿದ್ದವು. ಹೊಸದಾಗಿ ಮೊಟ್ಟೆಯೊಡೆದವು. ಎಲ್ಲೋ ಹತ್ತಿರದಲ್ಲೇ, ನಾನು ನೋಡದ ಜಾಗದಲ್ಲಿ.

ನಮ್ಮ ಆಸ್ಪತ್ರೆಯ ಹಿರಿಯ ಕಾಂಪೌಂಡರ್ ನಗುತ್ತಿದ್ದ. "ಸರ, ಇಡೀ ತಾಲೂಕಿನ ದನಕ್ಕ ಒಬ್ಬ ಡಾಕ್ಟರು, ಆ ಡಾಕ್ಟರು ಒಂದು ನಾಯಿಗೆ. ಅದರ ಜಾತಕ ಭಾರಿ ಅದ ಬಿಡ್ರಿ."

ಆ ಜಾಗ ಸಿಕ್ಕಿದ್ದು ಹುಡುಕಿ ಅಲ್ಲ. ದಸರೆಯ ನಂತರ ಪೋತ್ನಾಳದಲ್ಲಿ ಕಾಲುಬಾಯಿ ಬೇನೆಯ ಲಸಿಕೆ ಇತ್ತು. ದನ ಮೇಯಲು ಬಿಡುವ ಮೊದಲೇ ಹಾಕಬೇಕೆಂದು ಬೆಳಿಗ್ಗೆ ಏಳಕ್ಕೇ ಊರಲ್ಲಿದ್ದೆ. ದಾರಿಯಲ್ಲೇ ಇದ್ದದ್ದರಿಂದ ಗಿರಣಿಗೆ ಹೊಕ್ಕೆ. ಅವ್ವ ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು, ತೋಳಿನ ಮೇಲೆ ವಿಭೂತಿ ಇನ್ನೂ ಹಸಿ. ಕೈಯಲ್ಲಿ ಮುಲಾಮಿನ ಖಾಲಿ ಡಬ್ಬಿ ಹಿಡಿದು ಗಿರಣಿಯ ಹಿಂದೆ ಹೋದರು. ಅಲ್ಲಿ ಹೋದ ಬೇಸಿಗೆಯ ಭತ್ತದ ಹೊಟ್ಟು ಗುಡ್ಡೆಯಾಗಿ ಗೋಡೆಗೆ ಆತುಕೊಂಡು ಬಿದ್ದಿತ್ತು. ಗುಡ್ಡೆಯ ಬುಡದಲ್ಲಿ ನಾಯಿ ಮಲಗಿ ಮಲಗಿ ಆದ ಒಂದು ಗುಂಡಿ. ಅವ್ವ ಬಗ್ಗಿ, ಆ ಗುಂಡಿಯಿಂದ ನಾಲ್ಕು ಹೆಜ್ಜೆ ಆಚೆ, ಡಬ್ಬಿಯ ಮುಚ್ಚಳ ತೆಗೆದು ಹೊಟ್ಟಿನ ಮೇಲೆ ಮೆಲ್ಲಗೆ ತಟ್ಟಿದರು.

ಏನು ಮಾಡಾಕತ್ತೀರಿ ಯವ್ವಾ ಎಂದೆ.

"ಬಿಡಾಕತ್ತೀನಪ್ಪ. ನಾಯಿ ಮೈಮ್ಯಾಗ ಇರಬಾರ್ದು ಅಂದ್ರಿ, ತಗದೆ. ಹಂಗಂತ ಕೊಲ್ಲಾಕ ಬರ್ತದೇನು? ಇಲ್ಲಿ ಬೆಚ್ಚಗ ಇರ್ತಾವ."

ಐದು ವಾರ. ದಿನಕ್ಕೆ ಮೂವತ್ತು ನಲವತ್ತು. ಅವುಗಳಲ್ಲಿ ತುಂಬಿದ ಹೆಣ್ಣುಗಳೇ ಹೆಚ್ಚು, ಯಾಕೆಂದರೆ ದೊಡ್ಡವು ಬೆರಳಿಗೆ ಬೇಗ ಸಿಗುತ್ತವೆ. ಅಂಥ ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ.

ಆರಿಸಿದ ಉಣ್ಣಿಯನ್ನು ಸೋಪಿನ ನೀರಿಗೆ ಹಾಕಿ ಸಾಯಿಸಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ದಿನ ಅವ್ವನಿಗೆ ಹೇಳಿದ್ದೆನೇ? ಹೇಳಿದ ಹಾಗೇ ಅನಿಸುತ್ತದೆ, ಆದರೆ ಅದು ಬೇರೆ ಯಾರಿಗೋ ಹೇಳಿದ್ದು ಇಲ್ಲಿಗೆ ಬಂದು ಕೂತಿರಬಹುದು. ಚೀಟಿಯಲ್ಲಿ 'ದಿನಾ ಆರಿಸುವುದು' ಎಂದಷ್ಟೇ ಇದೆ. ಹೇಳಿರಲಿ ಬಿಡಲಿ, ಆರಿಸಿದ್ದನ್ನು ಏನು ಮಾಡುತ್ತೀರಿ ಎಂದು ಐದು ವಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಉಣ್ಣಿ ಕೊಲ್ಲುವುದು ಯಾರಿಗಾದರೂ ಕಷ್ಟವಾದೀತು ಎಂದು ನನಗೆ ಹೊಳೆದೇ ಇರಲಿಲ್ಲ.

"ತಪ್ಪಾತೇನು ಡಾಕ್ಟರಪ್ಪ?" ಎಂದು ಕೇಳಿದರು.

ಆ ಹೊತ್ತಿಗೆ ಏನು ಉತ್ತರ ಕೊಟ್ಟೆನೋ. ಡಬ್ಬಿಯ ತಳದಲ್ಲಿ ಅಂಟಿಕೊಂಡಿದ್ದ ಒಂದು ದಪ್ಪ ಉಣ್ಣಿಯನ್ನು ಇಂಜೆಕ್ಷನ್ನಿನ ಖಾಲಿ ಬಾಟಲಿಗೆ ಹಾಕಿ, ಹತ್ತಿ ತುರುಕಿ ಮಾನ್ವಿಗೆ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕಣ್ಣಾರೆ ಕಂಡರೆ ಒಪ್ಪುತ್ತಾರೆ ಎಂಬುದು ನನ್ನ ಲೆಕ್ಕ. ಐದಾರು ದಿನಕ್ಕೆ ಮೊಟ್ಟೆ ಶುರುವಾಯಿತು. ಹತ್ತು ಹನ್ನೆರಡು ದಿನಕ್ಕೆ ಕಂದು ಬಣ್ಣದ ಹೊಳೆಯುವ ಗಸಗಸೆಯಂಥ ರಾಶಿ, ಅದರ ಹಿಂದೆ ಸುಕ್ಕುಗಟ್ಟಿದ ಉಣ್ಣಿ. ಕಾಂಪೌಂಡರ್ ಎಣಿಸಲು ಹೋಗಿ ಬಿಟ್ಟುಬಿಟ್ಟ.

ಅದನ್ನು ಒಯ್ದು ಅವ್ವನ ಅಂಗೈಯಲ್ಲಿಟ್ಟೆ. ಇದು ಒಂದರದ್ದು, ನೀವು ಬಿಟ್ಟದ್ದು ಎಷ್ಟು ಲೆಕ್ಕ ಹಾಕಿರಿ, ಇವೇ ಮತ್ತೆ ಸೋಮ್ಯಾನ ಮೈಗೆ ಹತ್ತುತ್ತವೆ ಎಂದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು.

"ಬಾಣಂತಿ ಆಗ್ಯಾಳಲ್ಲೋ ಯಪ್ಪಾ ಇಕಿ. ಇಷ್ಟು ದಿವಸ ಇಕಿಗೆ ಹೊಟ್ಟಿಗಿ ಏನ ಹಾಕಿದಿ?"

ಏನೂ ಇಲ್ಲ, ಮೊಟ್ಟೆ ಇಟ್ಟ ಮೇಲೆ ಅದು ಸಾಯುತ್ತದೆ ಎಂದೆ.

"ಮಕ್ಕಳ ಮಾರಿ ನೋಡೂದಿಲ್ಲೇನು?" ಎಂದರು. ಆಮೇಲೆ ಬಾಟಲಿ ನನಗೆ ವಾಪಸು ಕೊಟ್ಟರು. "ಇದನ್ನ ನೋಡಿದರ ನಾ ಕೊಲ್ತೀನಿ ಅಂತ ತಂದ್ರೇನು? ನನ್ನ ಕೈಲೆ ಆಗೂದಿಲ್ಲ ಡಾಕ್ಟರಪ್ಪ. ಸೋಮ್ಯಾ ಬದುಕ್ಲಿ ಅಂತ ದಿನಾ ಬೇಡ್ಕೋತೀನಿ. ಹಂಗಂತ ಒಂದರ ಸಲುವಾಗಿ ಇಷ್ಟನ್ನ ಹ್ಯಾಂಗ ಕೊಲ್ಲಲಿ?"

ಈ ಕಥೆಯನ್ನು ಹಿಂದೆ ಹೇಳಿದಾಗೆಲ್ಲ ಇಲ್ಲಿ ಒಂದು ಉತ್ತರ ಸೇರಿಸುತ್ತಿದ್ದೆ: ನಾಯಿ, ಮೊಮ್ಮಗಳು, ರೋಗ ಎಂದೆಲ್ಲ. ನಿಜವಾಗಿ ಬಾಟಲಿಯ ಹತ್ತಿ ಬಿಗಿ ಮಾಡಿ ಜೇಬಿಗೆ ಹಾಕಿಕೊಂಡೆ, ಅಷ್ಟೇ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆರಿಸಿದ ಉಣ್ಣಿಯನ್ನು ಹೊಟ್ಟಿಗೆ ಬಿಡುವುದು ಬೇಡ, ನಾನು ಕೊಟ್ಟ ಬಿಗಿ ಮುಚ್ಚಳದ ಶೀಶೆಯಲ್ಲಿ ಹಾಕಿಡಬೇಕು, ಬಂದಾಗ ನಾನೇ ಒಯ್ಯುತ್ತೇನೆ. ಒಯ್ದು ಎಲ್ಲಿ ಬಿಡುತ್ತೀ ಎಂದು ಕೇಳಿದರು. ಆಸ್ಪತ್ರೆಗೆ ಒಯ್ಯುತ್ತೇನೆ ಎಂದೆ. ಅದು ಸುಳ್ಳಲ್ಲ. ಆಸ್ಪತ್ರೆಯಲ್ಲಿ ಸ್ಪಿರಿಟ್ಟಿನ ಡಬ್ಬಿ ಇತ್ತು.

ಮಾತ್ರೆಯ ಇಪ್ಪತ್ತೆಂಟು ದಿನ ಆಗಲೇ ಮುಗಿದಿತ್ತು. ದೀಪಾವಳಿಗೆ ನಾಲ್ಕೋ ಐದೋ ದಿನ ಇರುವಾಗ ನಾಯಿ ಮತ್ತೆ ಬಿತ್ತು. ಮೂಗಿನಲ್ಲಿ ರಕ್ತ, ಈ ಸಲ ಎರಡೂ ಹೊಳ್ಳೆಯಲ್ಲಿ, ಚೀಟಿಯೂ ಹಾಗೇ ಹೇಳುತ್ತದೆ. ಹಿಂಗಾಲು ಎಳೆಯುತ್ತಿತ್ತು. ಹಳೆಯ ಜ್ವರ ಮರುಕಳಿಸಿತೋ, ಹೊಸ ಉಣ್ಣಿ ಕಚ್ಚಿ ಹೊಸದಾಗಿ ಬಂತೋ ಹೇಳುವ ಪರೀಕ್ಷೆ ನನ್ನ ಬಳಿ ಇರಲಿಲ್ಲ. ಸಲೈನ್ ಏರಿಸಿ ಮಾತ್ರೆ ಮತ್ತೆ ಶುರು ಮಾಡಿದೆ. ಮಾಲೀಕರು ಬಾಗಿಲಲ್ಲಿ ನಿಂತು ನೋಡಿದರು, ಹಬ್ಬ ಹತ್ತಿರ ಬಂತು ಎಂದಷ್ಟೇ ಹೇಳಿದರು.

ಮರುದಿನ ದೇವದುರ್ಗದ ಸರದಿ. ಊರ ಹೊರಗಿನ ಒಂದು ಕುರಿಹಟ್ಟಿಯಲ್ಲಿ ಮರಿಗಳಿಗೆ ಜಂತಿನ ಔಷಧಿ ಹಾಕಬೇಕಿತ್ತು. ಕುರಿಗಾರನ ಎರಡು ನಾಯಿಗಳ ಕಿವಿ ಮಡಿಚಿ ನೋಡಿದೆ, ಅಭ್ಯಾಸಬಲದಿಂದ. ಒಂದೂ ಉಣ್ಣಿ ಇಲ್ಲ. ಹೇಗೆ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು.

"ಉರಿ ಹಾಯಿಸ್ತೀವ್ರಿ. ಹಟ್ಟಿ ಬದಲಿಸೂ ಮುಂದ ಹಳೇ ಜಾಗಾದಾಗ ಕಸ ಹರವಿ ಬೆಂಕಿ ಹಚ್ಚಿ ಹೋಗ್ತೀವಿ. ತಿರುಗಿ ಬರೂದ್ರಾಗ ನೆಲ ಸ್ವಚ್ಛ ಆಗಿರ್ತದ. ನೀವು ಓದಿದವ್ರು, ನಾಯಿ ಮೈ ತೊಳಕೋತ ಕುಂತೀರಿ."

ಹೊಟ್ಟಿನ ಗುಡ್ಡೆಗೆ ನಾನು ಔಷಧಿ ಹೊಡೆಸಿರಲಿಲ್ಲ, ಹೊಡೆಸಿದರೂ ಒಳಗೆ ಇಳಿಯುತ್ತಿರಲಿಲ್ಲ. ಗಿರಣಿಯಲ್ಲಿ ಭತ್ತ ಕುದಿಸುವ ಬಾಯ್ಲರು ಉರಿಯುವುದು ಹೊಟ್ಟಿನಿಂದಲೇ. ಹೊಸ ಭತ್ತ ಬರುವ ಮುಂಚೆ ಅದನ್ನು ಒಮ್ಮೆ ಹೊತ್ತಿಸಿ ನೋಡುತ್ತಾರೆ. ದೇವದುರ್ಗದಿಂದಲೇ ಮಾಲೀಕರಿಗೆ ಫೋನು ಮಾಡಿದೆ. ಹಿಂದಿನ ಗುಡ್ಡೆ ಪೂರ್ತಿ, ತಳ ಕೆರೆದು, ಬಾಯ್ಲರಿಗೆ ಹೋಗಬೇಕು, ಗೋಡೆಗೆ ಗ್ಯಾಸಿನ ಉರಿ ಹಿಡಿಯಬೇಕು ಎಂದೆ. ಅವರಿಗೆ ಕೆಲಸದ ಚಿಂತೆ ಇರಲಿಲ್ಲ.

"ಅವ್ವಗ ಏನ ಹೇಳ್ಲಿ?"

ಅವ್ವ ಆ ಗುಡ್ಡೆಗೆ ಏನು ಬಿಡುತ್ತಿದ್ದರು ಎಂಬುದು ಮಗನಿಗೂ ಗೊತ್ತಿತ್ತು ಎಂದು ಆಗ ತಿಳಿಯಿತು. ಎರಡು ದಾರಿಯಿದ್ದವು. ಅವ್ವನ ಮುಂದೆ ಕೂತು, ನಾನು ಇವನ್ನೆಲ್ಲ ಸುಡಿಸುತ್ತೇನೆ, ಸೋಮ್ಯಾ ಉಳಿಯಲು ಬೇರೆ ದಾರಿ ಇಲ್ಲ ಎಂದು ಹೇಳುವುದು ಒಂದು. ಹೇಳಿದ್ದರೆ ಅವರು ಬೇಡ ಅನ್ನಬಹುದಿತ್ತು. ಬೇಡ ಅಂದಿದ್ದರೆ ಮಗ ತಾಯಿಯ ಮಾತು ಮೀರುತ್ತಿರಲಿಲ್ಲ. ನಾಯಿಯನ್ನೇ ಲಾರಿ ಹತ್ತಿಸುತ್ತಿದ್ದ. ಇನ್ನೊಂದು ದಾರಿಯನ್ನು ನಾನು ಆರಿಸಿದೆ. ಬಾಯ್ಲರ್ ಪರೀಕ್ಷೆಗೆ ಹೊಟ್ಟು ಬೇಕಾಯಿತು ಅನ್ನಿರಿ ಎಂದೆ. ಆ ಮಾತನ್ನು ಅವರ ಬಾಯಿಗೆ ಕೊಟ್ಟವನು ನಾನೇ. ಇದರ ಬಗ್ಗೆ ನನ್ನ ನೆನಪಿಗೆ ಅನುಮಾನವಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಅವ್ವನನ್ನು ಎರಡು ದಿನದ ಮಟ್ಟಿಗೆ ರಾಯಚೂರಿನ ಮಗಳ ಮನೆಗೆ ಕಳಿಸಿದರು. ನಾನು ರಜೆ ಹಾಕಿ ಬಂದು ನಿಂತೆ. ಹಮಾಲರು ಸಲಿಕೆಯಿಂದ ಹೊಟ್ಟು ತುಂಬಿ ತುಂಬಿ ಬಾಯ್ಲರಿನ ಬಾಯಿಗೆ ಸುರಿದರು. ಗುಡ್ಡೆ ಅರ್ಧಕ್ಕೆ ಇಳಿದಾಗ ಹಿಂದಿನ ಗೋಡೆ ಕಂಡಿತು. ನೆಲದಿಂದ ಎದೆಯೆತ್ತರದವರೆಗೆ ಗೋಡೆ ಮೆಲ್ಲಗೆ ಸರಿಯುತ್ತಿದೆಯೇನೋ ಎಂಬಂತಿತ್ತು. ಎಲ್ಲ ವಯಸ್ಸಿನವೂ, ಎಳ್ಳಿನಂಥವು, ಜೋಳದಂಥವು, ಮೇಲಕ್ಕೆ ಹತ್ತುತ್ತಿದ್ದವು. ಒಬ್ಬ ಹಮಾಲ ಸಲಿಕೆ ಕೆಳಗಿಟ್ಟು ದೂರ ಹೋಗಿ ನಿಂತ. ಅವನ ಸಲಿಕೆ ನಾನು ಹಿಡಿದೆ. ಗ್ಯಾಸಿನ ಉರಿಯನ್ನು ಗೋಡೆಯ ಬಿರುಕುಗಳಿಗೆ ನಾನೇ ಹಿಡಿದೆ, ಬುಡದಿಂದ ಮೇಲಕ್ಕೆ ಅಲ್ಲ, ಮೇಲಿನಿಂದ ಬುಡಕ್ಕೆ, ತಪ್ಪಿಸಿಕೊಳ್ಳಬಾರದೆಂದು. ಸಣ್ಣ ಚಟಪಟ ಸದ್ದು ಬರುತ್ತಿತ್ತು. ಹುರಿದ ವಾಸನೆ. ಆ ಹೊತ್ತಿನಲ್ಲಿ ಬಾಟಲಿಯೊಳಗಿನ ಸುಕ್ಕುಗಟ್ಟಿದ ಉಣ್ಣಿ ನೆನಪಾಯಿತು ಎಂದು ಬರೆದರೆ ಚೆಂದ ಕಾಣುತ್ತದೆ. ಆಗಲಿಲ್ಲ. ಕೈ ನೋಯುತ್ತಿತ್ತು, ಸಿಲಿಂಡರ್ ಸಾಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ.

ದೀಪಾವಳಿಯ ದಿನ ನಾಯಿ ಗೇಟಿನ ಹತ್ತಿರ ಎದ್ದು ನಿಂತಿತ್ತೆಂದು ಮಾಲೀಕರು ಫೋನು ಮಾಡಿದರು. ಲಾರಿಯ ಮಾತು ಎತ್ತಲಿಲ್ಲ. ಹಬ್ಬಕ್ಕೆ ತವರಿಗೆ ಹೋಗಿದ್ದ ಸೊಸೆ ಮುಂದಿನ ವಾರ ಮಗುವಿನ ಜೊತೆ ವಾಪಸು ಬಂದಳೆಂದು ಆಮೇಲೆ ತಿಳಿಯಿತು.

ಡಿಸೆಂಬರಿನಲ್ಲಿ ಕೊನೆಯ ಸಲ ರಕ್ತ ತೆಗೆಯಲು ಹೋದೆ. ನಾಯಿ ಕಾಟಾದ ಮೇಲೆ ತಾನೇ ಹತ್ತಿ ನಿಂತಿತು, ಇಪ್ಪತ್ತಮೂರು ಕಿಲೋ. ಅವ್ವ ಚಹಾ ಕೊಟ್ಟರು. ಶೀಶೆಯನ್ನೂ ಕೊಟ್ಟರು, ತೊಳೆದು ಒಣಗಿಸಿದ್ದು.

"ಎರಡು ವಾರ ಆತು, ಒಂದೂ ಸಿಗವಲ್ದು. ಎಲ್ಲಿ ಹೋದುವ್ರಿ ಡಾಕ್ಟ್ರ?"

ಮೊದಲೆಲ್ಲ ಅವರು ನನಗೆ ಡಾಕ್ಟರಪ್ಪ ಅನ್ನುತ್ತಿದ್ದರು. ಈ ಬದಲಾವಣೆ ಆ ದಿನವೇ ಆದದ್ದೋ, ಮೊದಲೇ ಆಗಿತ್ತೋ, ನಾನೇ ಆಮೇಲೆ ಹೀಗೆ ಕೇಳಿಸಿಕೊಂಡೆನೋ.

ಚಳಿಗೆ ಕಡಿಮೆಯಾಗುತ್ತವೆ ಯವ್ವಾ ಎಂದೆ. ಇದೂ ಪೂರ್ತಿ ಸುಳ್ಳಲ್ಲ.

ಅವರು ಗಿರಣಿಯ ಹಿಂದುಗಡೆ ಒಮ್ಮೆ ನೋಡಿದರು. ಅಲ್ಲಿ ಹೊಸ ಹೊಟ್ಟು ಬೀಳತೊಡಗಿತ್ತು. "ಹೂಂ," ಎಂದರು. ನಾಯಿಯ ಕಿವಿ ಮಡಿಚಿ ಒಳಗೆ ಬೆರಳಾಡಿಸಿ ಬಿಟ್ಟರು.

ಸೋಮ್ಯಾ ಈಗಲೂ ಇದೆ. ಅದು ಉಳಿದದ್ದು ಎರಡನೇ ಸಲದ ಮಾತ್ರೆಯಿಂದಲೋ, ಬೆಂಕಿಯಿಂದಲೋ, ನಿಜವಾಗಿಯೇ ಚಳಿಯಿಂದಲೋ ನನಗೆ ಗೊತ್ತಿಲ್ಲ. ಮೂರೂ ಒಂದೇ ಹೊತ್ತಿಗೆ ಆದವು, ಬೇರೆ ಮಾಡಿ ನೋಡಲು ನಾನು ಜಾಗ ಬಿಡಲಿಲ್ಲ. ಬರೀ ಮಾತ್ರೆಯಿಂದಲೇ ಉಳಿಯುವಂತಿದ್ದರೆ ಆ ಸುಳ್ಳು ಬೇಕಿರಲಿಲ್ಲ. ಅವ್ವ ಹೂಂ ಅಂದದ್ದು ನನ್ನ ಮಾತು ನಂಬಿಯೋ, ಎಲ್ಲ ತಿಳಿದೂ ನನ್ನನ್ನು ಅಲ್ಲಿಗೆ ಬಿಟ್ಟಿದ್ದೋ, ಅದೂ ಗೊತ್ತಿಲ್ಲ. ಪೋತ್ನಾಳಕ್ಕೆ ಆಮೇಲೂ ಎಷ್ಟೋ ಸಲ ಹೋಗಿದ್ದೇನೆ. ಕೇಳಿಲ್ಲ.